ಮಂಡಿಯ ಮಾತೆತ್ತಬಾರದು

ಮುನಿಕೆಂಪಮ್ಮನವರು ಮಂಚದ ಮೇಲೆ ಮಲಗಿರುವಷ್ಟು ಹೊತ್ತು ಅವರ ಎಡಮಂಡಿಯಲ್ಲಿ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಮಡಿಸಿ ಎಂದರೆ ಮಡಿಸುತ್ತಿದ್ದರು, ಚಾಚಿ ಎಂದರೆ ಚಾಚುತ್ತಿದ್ದರು. ಪಾದಕ್ಕೆ ನನ್ನ ಅಂಗೈ ಒತ್ತಿ ಹಿಡಿದು "ತಳ್ಳಿ" ಎಂದರೆ ನಾನೇ ಹಿಂದಕ್ಕೆ ಜಾರುವಷ್ಟು ಬಲ. ಎದ್ದು ನಡೆಯಲು ಶುರು ಮಾಡಿದರೆ ಮಾತ್ರ ಅದೇ ಕಾಲು ಒನಕೆಯಾಗುತ್ತಿತ್ತು. ಮಡಿಸದೆ, ಪಕ್ಕಕ್ಕೆ ಬೀಸಿ, ಕುಟ್ಟಿದ ಹಾಗೆ ನೆಲಕ್ಕಿಡುತ್ತಿದ್ದರು.

"ಮದುವೆ ಮನೇಗೆ ಬೀಗಿತ್ತಿ ಬಂದಂಗೆ ಬರ್ತಾವ್ಳೆ ನೋಡು, ಸೊಕ್ಕಲ್ಲಿ," ಎಂದು ಜಗಲಿಯ ಮೇಲಿಂದ ಗಂಡ ಮುನಿಯಲ್ಲಪ್ಪನವರು ನಗುತ್ತಿದ್ದರು.

"ನಿನ್ ಮಂಡಿಗೂ ಕಬ್ಬಿಣ ಆಕ್ಸು, ಆಮೇಲೆ ಮಾತಾಡು."

ನಾನು ಫಿಸಿಯೋಥೆರಪಿ ಓದಿ, ಮನೆಮನೆಗೆ ಹೋಗಿ ವ್ಯಾಯಾಮ ಮಾಡಿಸುವವಳು. ಸಹಕಾರನಗರದಿಂದ ಸ್ಕೂಟರಿನಲ್ಲಿ ತಣಿಸಂದ್ರಕ್ಕೆ ಬಂದು, ಎತ್ತರದ ಅಪಾರ್ಟ್‌ಮೆಂಟುಗಳ ಬೆನ್ನ ಹಿಂದೆ ಉಳಿದುಕೊಂಡಿರುವ ಹಳೇ ಊರಿನ ಬೀದಿಗೆ ತಿರುಗಿದರೆ ಇವರ ಮನೆ. ಸಂಕ್ರಾಂತಿಗೆ ಮೊದಲೇ ಮಂಡಿ ಬದಲಿಸುವ ಆಪರೇಷನ್ ಆಗಿತ್ತು. ಗಾಯ ಚೆನ್ನಾಗಿ ಮಾಗಿತ್ತು. ಯುಗಾದಿ ಮುಗಿದು ಊರಹಬ್ಬ ಹತ್ತಿರವಾಗುತ್ತಿತ್ತು. ಕುಂಟು ಮಾತ್ರ ಹಾಗೇ ಇತ್ತು.

ಆ ಹಬ್ಬದ ದಿನ ಊರಿನ ಹಳೇ ಮನೆತನಗಳಿಂದ ಒಂದೊಂದು ತಂಬಿಟ್ಟಿನ ಆರತಿ ಹೊರಡುತ್ತದೆ. ಅಕ್ಕಿಹಿಟ್ಟು ಬೆಲ್ಲ ತುಪ್ಪ ಕಲೆಸಿ ಹಿತ್ತಾಳೆ ತಟ್ಟೆಯಲ್ಲಿ ಗೋಪುರದಂತೆ ಕಟ್ಟಿ, ಸುತ್ತ ಸೇವಂತಿಗೆ ಕನಕಾಂಬರ ಏರಿಸಿ, ನೆತ್ತಿಯ ಗುಳಿಯಲ್ಲಿ ತುಪ್ಪದ ದೀಪ ಹಚ್ಚಿ, ಹೆಂಗಸರು ತಲೆಯ ಮೇಲೆ ಹೊತ್ತು ಮಾರಮ್ಮನ ಗುಡಿಗೆ ನಡೆಯುತ್ತಾರೆ. ಉಳಿದವರು ಒಂದು ಕೈಯಲ್ಲಾದರೂ ತಟ್ಟೆ ಹಿಡಿಯುತ್ತಾರೆ. ಮುನಿಕೆಂಪಮ್ಮ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಇವತ್ತಿನವರೆಗೆ ತಟ್ಟೆಗೆ ಕೈ ಹಚ್ಚಿದವರಲ್ಲ. ತೋಳು ಬೀಸಿಕೊಂಡು, ಪಕ್ಕದವರ ಜೊತೆ ಹರಟಿಕೊಂಡು ನಡೆಯುತ್ತಿದ್ದರಂತೆ.

ಅವರ ಮನೆತನದಲ್ಲಿ ಒಂದು ಕಟ್ಟುಪಾಡು ಇದೆ. ಆರತಿ ಒಮ್ಮೆ ಇನ್ನೊಂದು ತಲೆಗೆ ಹೋದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಇವರು ಸೊಸೆಯಾಗಿ ಬಂದ ವರ್ಷ ಅತ್ತೆ ಜ್ವರದಲ್ಲಿ ಮಲಗಿದಾಗಲೇ ಅದು ಮುನಿಕೆಂಪಮ್ಮನ ತಲೆಗೆ ಬಂದದ್ದು. ಮರುವರ್ಷ ಅತ್ತೆ ಗುಣವಾಗಿದ್ದರೂ ಬಾಗಿಲಲ್ಲಿ ನಿಂತು ನೋಡಿದರಂತೆ, ಅಷ್ಟೇ. ಈಗ ಕಾಯುತ್ತಿದ್ದ ತಲೆ ಪಕ್ಕದ ಮನೆಯ ಕಲಾವತಿಯದು. ಮುನಿಯಲ್ಲಪ್ಪನವರ ತಮ್ಮನ ಹೆಂಡತಿ; ಮನೆಯ ಸೊಸೆಗಿಂತ ಮೊದಲು ಸರದಿ ಅವರದು. ದಿನಾ ಸಂಜೆ ಏನಾದರೂ ಒಂದು ಬಟ್ಟಲಲ್ಲಿ ಹಾಕಿಕೊಂಡು ಕಾಲು ನೋಡಲು ಬರುತ್ತಿದ್ದರು.

"ಅಕ್ಕಾ, ಇನ್ನೂ ಊತ ಐತಲ್ಲ?"

"ಊತ ಅಲ್ಲ ಕಣೆ, ಕೊಬ್ಬು. ಬಟ್ಲಲ್ಲಿ ಏನ್ ತಂದೆ?"

"ಪಾಯಸ."

"ಮಡಗಿ ಓಗು."

ಕಲಾವತಿ ಹೋದ ಮೇಲೆ ಮುನಿಕೆಂಪಮ್ಮ ಆ ಬಟ್ಟಲನ್ನು ಮುಟ್ಟುತ್ತಿರಲಿಲ್ಲ. 

ಒಂದು ದಿನ ಮುನಿಯಲ್ಲಪ್ಪನವರು ಜಗಲಿಯಿಂದ ಒಳಗೆ ಬಂದು ಗೋಡೆಗೊರಗಿ ಕೂತರು. ನಗಲಿಲ್ಲ.

"ದೀಪ ಕೆಳಗ್ ಬಿದ್ರೆ ಊರೆಲ್ಲಾ ನಮ್ಮನೇ ಕಡೇನೇ ನೋಡ್ತದೆ. ಇವ್ಳ್ ಬಿದ್ರೆ ಇನ್ನೂ ಕಷ್ಟ. ನಾನ್ ಬೇಡ ಅಂದ್ರೆ ಸಾಯೋ ತನಕ ಆಡ್ತಾಳೆ. ಅದ್ಕೇ ನಾನೇನೂ ಅನ್ನಲ್ಲ. ಹೂ ಕಟ್ಟೋ ದಿನ ಈ ಡಾಕ್ಟ್ರಮ್ಮ ಏನಂತಾರೋ ಅದೇ. ಊಂ ಅಂದ್ರೆ ಇವ್ಳು ಒತ್ಕಳ್ಲಿ. ಇಲ್ಲಾಂದ್ರೆ ಕಲಾವತಿ."

"ನಾನು ಡಾಕ್ಟರ್ ಅಲ್ಲ ಸರ್," ಎಂದೆ. "ತೂಕ ಹೊರಬಹುದು ಅಂತ ಸರ್ಜನ್ನೇ ಹೇಳಿದ್ದಾರೆ. ಬೀಳಬಾರದು ಅಷ್ಟೇ."

"ಅಷ್ಟೇನೇ ನಾನೂ ಕೇಳ್ತಿರೋದು. ಬೀಳ್ತಾಳೋ ಇಲ್ವೋ?"

ಮುನಿಕೆಂಪಮ್ಮ ನನ್ನನ್ನೇ ನೋಡುತ್ತಿದ್ದರು.

ನಾನು ಮಾತು ಕಡಿಮೆ ಇರುವವಳು. ಮನೆಯಲ್ಲಿ ಅಮ್ಮ ವೇದವತಿ, "ಮಹತಿ, ಒಳಗಿದೀಯೇನೇ?" ಎಂದು ಆಗಾಗ ಕೂಗಿ ಖಾತ್ರಿ ಮಾಡಿಕೊಳ್ಳುತ್ತಾರೆ. ಆದರೆ ಕೆಲಸದಲ್ಲಿ ಸುಮ್ಮನಿದ್ದರೆ ಕಲಿಸುತ್ತಿಲ್ಲ ಎಂದುಕೊಂಡಾರು ಎಂಬ ಭಯ. ಹಾಗಾಗಿ ಅಲ್ಲಿ ಬಿಡದೆ ವಿವರಿಸುತ್ತೇನೆ. ಅವತ್ತೂ ವಿವರಿಸಿದೆ. ಸ್ನಾಯುವಿಗೆ ಎಳೆಯುವುದೊಂದೇ ಗೊತ್ತು, ತಳ್ಳುವುದು ಗೊತ್ತಿಲ್ಲ. ಅದಕ್ಕೇ ಕೀಲಿನ ಎರಡೂ ಕಡೆ ಸ್ನಾಯುಗಳಿರುತ್ತವೆ. ತೊಡೆಯ ಮುಂದಿನದು ಎಳೆದರೆ ಮಂಡಿ ಚಾಚುತ್ತದೆ, ಹಿಂದಿನದು ಎಳೆದರೆ ಮಡಿಸುತ್ತದೆ. ಒಂದು ಎಳೆಯುವಾಗ ಇನ್ನೊಂದು ಬಿಡಬೇಕು. ನನ್ನ ದುಪಟ್ಟಾವನ್ನು ಮಂಚದ ಕಾಲಿಗೆ ಸುತ್ತಿ ಎರಡು ತುದಿ ಹಿಡಿದು ತೋರಿಸಿದೆ.

"ಮಜ್ಜಿಗೆ ಕಡ್ಯೋ ಅಗ್ಗ ಅನ್ನು," ಎಂದರು ಮುನಿಕೆಂಪಮ್ಮ.

"ಅದೇ. ನೀವೀಗ ಎರಡು ಕೈಲೂ ಒಟ್ಟಿಗೇ ಎಳೀತಿದೀರ. ಕಡೆಗೋಲು ನಿಂತ್ಬಿಟ್ಟಿದೆ."

"ಅಂಗಾದ್ರೆ ಬಿಡ್ಬೇಕು."

"ಹೂಂ, ಬಿಡ್ಬೇಕು."

"ಎಂಗ್ ಬಿಡೋದು? ಮಜ್ಜಿಗೆ ಅಗ್ಗ ಆದ್ರೆ ಕೈಲಿರ್ತದೆ. ಇದು ಎಲ್ಲೈತೆ?"

ಅದು ಎಲ್ಲಿದೆಯೆಂದು ಹೇಳುವ ಬದಲು ನಾನು ಸೂಚನೆ ಕೊಟ್ಟೆ. ಹಿಮ್ಮಡಿ ಮೊದಲು. ಮಂಡಿ ಸಡಿಲ. ಬೆರಳು ಕೊನೆಗೆ. ಇಷ್ಟನ್ನು ನೆನಪಿಟ್ಟುಕೊಂಡು ನಡೆಯಿರಿ.

ಮರುದಿನ ಬರುವಷ್ಟರಲ್ಲಿ ಅದು ಮನೆಯ ಮಂತ್ರವಾಗಿತ್ತು. ಮುನಿಕೆಂಪಮ್ಮ ಬಗ್ಗಿ ತಮ್ಮ ಪಾದವನ್ನೇ ನೋಡುತ್ತಾ "ಇಮ್ಮಡಿ ಮೊದ್ಲು, ಮಂಡಿ ಸಡ್ಲ, ಬೆಳ್ಳು ಕೊನೇಗೆ" ಎಂದು ಹೇಳಿಕೊಂಡು ಹಜಾರದಲ್ಲಿ ಹೆಜ್ಜೆ ಹಾಕುತ್ತಿದ್ದರು. ಅಡುಗೆಮನೆಯಿಂದ ಸೊಸೆ ಧನಲಕ್ಷ್ಮಿ, "ಅತ್ತೆ, ಮತ್ತೆ ಬೆರಳು ಫಸ್ಟ್ ಇಟ್ರಿ!" ಎಂದು ಕೂಗುತ್ತಿದ್ದಳು. ಜಗಲಿಯಿಂದ ಮುನಿಯಲ್ಲಪ್ಪನವರು ತಾಳ ಹಾಕುತ್ತಿದ್ದರು. ಎದುರು ಮನೆಯವರು ಕಿಟಕಿಯಲ್ಲಿ ನಿಂತು "ಸಡ್ಲ ಬಿಡಮ್ಮೋ, ಸಡ್ಲ!" ಎನ್ನುತ್ತಿದ್ದರು. ಪಾಪ, ಎಲ್ಲರದ್ದೂ ಒಳ್ಳೆಯ ಮನಸ್ಸು. ಸಡಿಲ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆ ಮಂಡಿ ಇನ್ನಷ್ಟು ಬಿಗಿಯುತ್ತಿತ್ತು. ಕುಂಟು ಹೆಚ್ಚಾಯಿತು.

ಹಬ್ಬದ ಹಿಂದಿನ ದಿನ, ಹೂ ಕಟ್ಟುವ ದಿನ, ಬಂತು. ಮಧ್ಯಾಹ್ನ ನಾನು ಹೋದಾಗ ಹಜಾರದ ತುಂಬ ಸೇವಂತಿಗೆಯ ರಾಶಿ, ಬಾಳೆನಾರು, ತುಪ್ಪದ ವಾಸನೆ. ದಾರಿಯುದ್ದಕ್ಕೂ ನಾನು "ಇಲ್ಲ" ಎಂಬ ಮಾತನ್ನು ಹೇಗೆ ಹೇಳುವುದೆಂದು ಜೋಡಿಸಿಕೊಂಡು ಬಂದಿದ್ದೆ. ಮುನಿಕೆಂಪಮ್ಮನಿಗೆ ನನ್ನ ಮುಖ ನೋಡಿಯೇ ತಿಳಿಯಿತೋ ಏನೋ, "ಕಾಫಿ ಕುಡಿ ಮೊದ್ಲು" ಎಂದು ಆ ಕಡೆ ತಿರುಗಿಕೊಂಡರು.

ಕಲಾವತಿ ಆಗಲೇ ತಲೆಯ ಅಳತೆ ಕೊಡಲು ಬಂದು ನಿಂತಿದ್ದರು. ಬಟ್ಟೆ ಸುತ್ತಿ ಮಾಡಿದ ಸಿಂಬೆಯನ್ನು ನೆತ್ತಿಯ ಮೇಲಿಟ್ಟು, ಅದರ ಮೇಲೆ ಅಕ್ಕಿ ತುಂಬಿದ ಹಿತ್ತಾಳೆ ತಟ್ಟೆ ಏರಿಸಿ ನಡೆದು ನೋಡಬೇಕು. ಸಿಂಬೆ ದಪ್ಪವಾಯಿತೋ ತೆಳುವಾಯಿತೋ ಆಗ ತಿಳಿಯುತ್ತದೆ. ಧನಲಕ್ಷ್ಮಿ ಅತ್ತೆಯ ಮುಖ ನೋಡದೆ ತಟ್ಟೆ ಎತ್ತಿಕೊಟ್ಟಳು. ಕಲಾವತಿ ಎರಡೂ ಕೈಯಲ್ಲಿ ಹಿಡಿದು, ಕತ್ತನ್ನು ಆಮೆಯ ಹಾಗೆ ಮುಂದೆ ಚಾಚಿ ಹೊರಟರು. ಅಕ್ಕಿ ಕಾಳು ಪಟಪಟ ಉದುರಿತು.

ಮುನಿಕೆಂಪಮ್ಮ ಮಂಚದ ಮೇಲೆ ಕೂತು ಹಲ್ಲು ಕಚ್ಚಿ ಸಹಿಸಿಕೊಂಡರು. ಇನ್ನೊಂದು ಹಿಡಿ ಅಕ್ಕಿ ಚೆಲ್ಲಿದಾಗ ಸಹಿಸಲಾಗಲಿಲ್ಲ.

"ಲೇ, ಅದೇನ್ ಕತ್ತೋ ಕೊಕ್ಕರೇನೋ! ಮೀನ್ ಇಡಿಯಾಕ್ ಓಯ್ತಿದೀಯಾ? ಕೊಡಿಲ್ಲಿ!"

ಎದ್ದು ಬಂದವರೇ ಕಲಾವತಿಯ ತಲೆಯಿಂದ ಸಿಂಬೆ ಕಿತ್ತುಕೊಂಡು ತಮ್ಮ ತಲೆಗಿಟ್ಟುಕೊಂಡರು. ಧನಲಕ್ಷ್ಮಿ ಏನು ಎತ್ತ ಎನ್ನುವ ಮೊದಲೇ ತಟ್ಟೆ ಏರಿತ್ತು.

"ನೋಡಿಲ್ಲಿ. ಕತ್ತು ಇಂಗೆ. ಕಣ್ಣು ಎದ್ರಿಗೆ. ಬಾಗ್ಲಲ್ಲಿ ಯಾರೋ ನಿಂತವ್ರೆ, ಅವ್ರ ಜೊತೆ ಮಾತಾಡ್ತಾ ಇದೀಯ ಅಂದ್ಕೊ. ನಮ್ಮತ್ತೆ ನಂಗೆ ಏನ್ ಅಂದಿದ್ಲು ಗೊತ್ತಾ? ತಲೆ ಮೇಲಿರೋದು ತಟ್ಟೆ ಅಲ್ಲ ಕಣೆ, ನಿನ್ ಗಂಡ, ಅಲ್ಲಾಡ್ಸಿದ್ರೆ ಬೈತಾನೆ ಅಂದಿದ್ಲು..."

ಹೀಗೆ ಹೇಳುತ್ತಾ ಹಜಾರ ದಾಟಿದರು. ಹೊಸ್ತಿಲು ದಾಟಿದರು. ಅಂಗಳದಲ್ಲಿ ಒಂದು ಸುತ್ತು ಬಂದು, ಹೂವಿನ ರಾಶಿಯ ಪಕ್ಕ ಮೈ ತಿರುಗಿಸಿ, ಮತ್ತೆ ಹೊಸ್ತಿಲ ಕಡೆ ಬಂದರು. ನಾನು ಕಾಫಿ ಲೋಟ ಹಿಡಿದುಕೊಂಡೇ ಇದ್ದೆ. ಎಡಮಂಡಿ ಮಡಿಸುತ್ತಿತ್ತು, ಚಾಚುತ್ತಿತ್ತು. ಹಿಮ್ಮಡಿ ಮೊದಲು ನೆಲ ಮುಟ್ಟುತ್ತಿತ್ತು, ಬೆರಳು ಕೊನೆಗೆ ಏಳುತ್ತಿತ್ತು. ಸೊಂಟ ತೇಲಿದ ಹಾಗೆ ಹೋಗುತ್ತಿತ್ತು. ಜಗಲಿಯ ತಾಳ ನಿಂತಿತ್ತು. ಧನಲಕ್ಷ್ಮಿಯ ಕೈಯಲ್ಲಿ ಬಾಳೆನಾರು ಹಾಗೇ ಉಳಿದಿತ್ತು. ಅಷ್ಟು ಜನರಿದ್ದ ಮನೆಯಲ್ಲಿ ಮುನಿಕೆಂಪಮ್ಮನ ದನಿಯೊಂದೇ ಕೇಳುತ್ತಿತ್ತು. ಅವರ ಕಾಲಿನ ಸದ್ದು ಕೇಳುತ್ತಲೇ ಇರಲಿಲ್ಲ.

ಕಲಾವತಿಗೆ ತಡೆಯಲಾಗಲಿಲ್ಲ. "ಅಕ್ಕಾ! ನಿನ್ ಕಾಲು!"

ಮುನಿಕೆಂಪಮ್ಮ ಬಗ್ಗಿ ನೋಡಿದರು. ತಟ್ಟೆ ಜಾರಿತು. ಎಡಗಾಲು ಅಲ್ಲೇ ಒನಕೆಯಾಗಿ ನಿಂತಿತು. ಮುನಿಯಲ್ಲಪ್ಪನವರೂ ನಾನೂ ಒಟ್ಟಿಗೆ ನುಗ್ಗಿ ಹಿಡಿದುಕೊಂಡೆವು. ಅಕ್ಕಿ ನಮ್ಮ ಮೂವರ ತಲೆ ಮೇಲೂ ಸುರಿಯಿತು.

"ಅಕ್ಸತೆ ಆಯ್ತು," ಎಂದರು ಮುನಿಯಲ್ಲಪ್ಪನವರು. "ಇನ್ನೊಂದ್ ಸಲ ಮದ್ವೆ."

ಯಾರಿಗೂ ತಕ್ಷಣ ನಗಲಾಗಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

ನಾನು ಕೂದಲಿನ ಅಕ್ಕಿ ಕೊಡವಿಕೊಳ್ಳುತ್ತಾ ಯೋಚಿಸಿದೆ. ಕಾಲೇಜಿನಲ್ಲಿ ಓದಿದ್ದೊಂದು ಮಾತು ನೆನಪಾಯಿತು. ಪರೀಕ್ಷೆಗೆ ಬರೆದು ಮರೆತದ್ದು. ಹಳೇ ಚಲನೆಗಳನ್ನು ಮೈ ತನ್ನಷ್ಟಕ್ಕೆ ನಡೆಸುತ್ತಿರುತ್ತದೆ. ಯಾವ ಸ್ನಾಯು ಎಷ್ಟು ಎಳೆಯಬೇಕು, ಯಾವುದು ಎಷ್ಟು ಬಿಡಬೇಕು ಎಂಬ ಲೆಕ್ಕ ನಮ್ಮ ಗಮನಕ್ಕೆ ಬರುವುದೇ ಇಲ್ಲ. ನಾವು ನಡುವೆ ಹೋಗಿ ಒಂದೊಂದನ್ನೂ ಆಳಲು ಹೊರಟರೆ ಎಲ್ಲವೂ ಒಟ್ಟಿಗೇ ಬಿಗಿದುಕೊಳ್ಳುತ್ತವೆ. ಗಮನ ಮೈಯ ಹೊರಗಿನ ಒಂದು ಕೆಲಸದ ಮೇಲೆ ನಿಂತರೆ, ಒಳಗಿನದು ಸರಾಗ. ಇಷ್ಟು ದಿನ ಈ ಮನೆಯಲ್ಲಿ ಒಂದು ಮಂಡಿಗೆ ಎಷ್ಟೊಂದು ಯಜಮಾನರು! ಎಲ್ಲರಿಗಿಂತ ದೊಡ್ಡ ಯಜಮಾನಿ ನಾನೇ.

"ಹೊರಲಿ," ಎಂದೆ.

ಮುನಿಕೆಂಪಮ್ಮ ಕಣ್ಣು ಮಿಟುಕಿಸಲಿಲ್ಲ. "ನಿಜ್ವಾ?"

"ಒಂದು ಷರತ್ತು. ನಾಳೆ ಸಂಜೆವರೆಗೂ ಯಾರೂ ಮಂಡಿ ಮಾತೆತ್ತಬಾರದು. ಈ ಮನೇಲಿ, ಈ ಬೀದೀಲಿ, ಯಾರೂ. ನಾನೂ ಸೇರಿ. ಅಮ್ಮಾ, ನೀವು ದೀಪ ಅಲ್ಲಾಡದ ಹಾಗೆ ನೋಡ್ಕೊಳ್ಳಿ. ಬೇರೆ ಏನೂ ನಿಮ್ಮ ಕೆಲಸ ಅಲ್ಲ."

"ಮತ್ತೆ ಇಮ್ಮಡಿ ಮೊದ್ಲು?"

"ಅದನ್ನ ಮರ್ತ್‌ಬಿಡಿ."

"ಕಲ್ಸಿದ್ ನೀನೇ, ಮರೀ ಅನ್ನೋಳೂ ನೀನೇ. ಚೆನ್ನಾಗೈತೆ ನಿನ್ ವೈದ್ಯ."

ಕಲಾವತಿಯ ಮುಖ ಸಣ್ಣದಾಗಿತ್ತು. ಚೆಲ್ಲಿದ ಅಕ್ಕಿಯನ್ನು ಒಬ್ಬರೇ ಬಳಿದು ತಟ್ಟೆಗೆ ತುಂಬಿದರು. ಆಮೇಲೆ ಹೂ ಕಟ್ಟಲು ಕೂತರು. ಅವರು ಕಟ್ಟಿದಷ್ಟು ಬಿಗಿಯಾದ ಮಾಲೆಯನ್ನು ಅವತ್ತು ಅಲ್ಲಿ ಬೇರೆ ಯಾರೂ ಕಟ್ಟಲಿಲ್ಲ.

ಸಂಜೆ ಮುನಿಕೆಂಪಮ್ಮನೊಂದಿಗೆ ಮಹಡಿಯ ಮೆಟ್ಟಿಲಿನಲ್ಲಿ ಅಭ್ಯಾಸ ಮಾಡಿದೆ. ನನಗೆ ಉಳಿದಿದ್ದ ಭಯವೆಲ್ಲ ಮೆಟ್ಟಿಲಿನದೇ. ಬೀದಿಗೆ ಮತ್ತೆ ಮತ್ತೆ ಕಾಂಕ್ರೀಟು ಸುರಿದು ಎತ್ತರ ಮಾಡಿದ್ದರಿಂದ ಮಾರಮ್ಮನ ಗುಡಿ ಈಗ ತಗ್ಗಿನಲ್ಲಿದೆ, ಮೆಟ್ಟಿಲು ಇಳಿದೇ ಹೋಗಬೇಕು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ ಎಂದರೆ ಯಾರೂ ನಂಬುವುದಿಲ್ಲ. ಇಳಿಯುವಾಗ ಮೈಭಾರ ತಾನಾಗಿಯೇ ಕೆಳಕ್ಕೆ ಧಾವಿಸುತ್ತದೆ. ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನ ತೊಡೆ ಅದನ್ನು ಹಿಡಿದುಕೊಂಡೇ, ತುಸುತುಸುವಾಗಿ ಬಿಡುತ್ತಾ ಹೋಗಬೇಕು, ಬಾವಿಗೆ ಕೊಡ ಇಳಿಸುವಾಗ ಹಗ್ಗ ಬಿಟ್ಟ ಹಾಗೆ. ಒಮ್ಮೆಲೇ ಬಿಟ್ಟರೆ ಕೊಡ ಒಡೆಯುತ್ತದೆ. ಇದನ್ನೆಲ್ಲ ನಾನು ಅವರಿಗೆ ಹೇಳಲಿಲ್ಲ. ತಟ್ಟೆ ಏರಿಸಿ ಕೆಳಗಿನ ಮೆಟ್ಟಿಲಲ್ಲಿ ನಿಂತುಕೊಂಡೆ. ಅವರು ಇಳಿದು ಬಂದರು, ಅಳುಕುತ್ತ, ಗೋಡೆಗೆ ಬೆರಳು ತಾಕಿಸಿಕೊಂಡು. ನಾಳೆ ಗುಡಿಯ ಮೆಟ್ಟಿಲಿಗೆ ಗೋಡೆ ಇರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ತಮಟೆ ಶುರುವಾದಾಗ ಬೀದಿಯಲ್ಲಿ ವಿಚಿತ್ರವಾದ ಶಿಸ್ತು. ಮುನಿಯಲ್ಲಪ್ಪನವರು ಬೆಳಿಗ್ಗೆಯೇ ಮನೆಮನೆಗೆ ಹೋಗಿ ಬಾಯಿ ಕಟ್ಟಿ ಬಂದಿದ್ದರು. ಮುನಿಕೆಂಪಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ತಲೆಯ ಮೇಲೆ ಹೂವಿನ ಗೋಪುರ ಹೊತ್ತು ಹೊಸ್ತಿಲು ದಾಟಿದರು. ಸಾಲಿನಲ್ಲಿ ಉಳಿದ ಮನೆಗಳ ಆರತಿಗಳು. ಎದುರು ಮನೆಯ ಕಿಟಕಿಯವರು ಸೆರಗನ್ನು ಬಾಯಿಗೆ ತುರುಕಿಕೊಂಡು ನೋಡುತ್ತಿದ್ದರು. ಎಲ್ಲರ ಕಣ್ಣೂ ಆ ಕಾಲಿನ ಮೇಲೆ. ಎಲ್ಲರ ಬಾಯಲ್ಲೂ ಬೇರೆ ಮಾತು.

"ಸೀರೆ ಎಷ್ಟ್ ಚೆನ್ನಾಗೈತಮ್ಮ!"

"ಬಿಸ್ಲು ಕಮ್ಮಿ ಐತಲ್ವಾ ಈ ಸಲ?"

"ಊಂ, ಊಂ, ಬಿಸ್ಲೇ ಇಲ್ಲ!" ಎಂದು ಹಣೆಯ ಬೆವರು ಒರೆಸಿಕೊಂಡರು ಇನ್ನೊಬ್ಬರು.

ಮುನಿಕೆಂಪಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ. ಆದರೂ ದೀಪ ಅಲ್ಲಾಡಲಿಲ್ಲ. ತೋಳು ಬೀಸಿಕೊಂಡೇ ನಡೆದರು. ಹಿಂದೆ ಕಲಾವತಿ ಎರಡೂ ಕೈ ಖಾಲಿ ಇಟ್ಟುಕೊಂಡು, ಹಿಡಿಯಲು ಸಿದ್ಧವಾಗಿ ಬರುತ್ತಿದ್ದರು.

ತಿರುವಿನಲ್ಲಿ ನೀರಿನ ಟ್ಯಾಂಕರು ಬಂದು ಮೆರವಣಿಗೆಗಾಗಿ ನಿಂತಿತು. ಅದನ್ನು ಓಡಿಸುವ ವಾಜಿದ್ ಈ ಬೀದಿಗೆಲ್ಲ ನೀರು ತರುವವನು; ಬೆಳಿಗ್ಗೆಯಿಂದ ಬಾಗಲೂರಿನ ಕಡೆ ಇದ್ದವನಿಗೆ ಸುದ್ದಿ ಮುಟ್ಟಿರಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಪ್ರೀತಿಯಿಂದ ಕೂಗಿದ.

"ಅಮ್ಮಾ! ಸೂಪರ್! ಆಪರೇಸನ್ ಆದ್ ಮಂ..."

ಮುನಿಯಲ್ಲಪ್ಪನವರು ಆ ವಯಸ್ಸಿನಲ್ಲಿ ಟ್ಯಾಂಕರಿನ ಮೆಟ್ಟಿಲು ಹೇಗೆ ಹತ್ತಿದರೋ ತಿಳಿಯದು. ಪೂಜೆಗೆಂದು ಹಿಡಿದಿದ್ದ ಬಾಳೆಹಣ್ಣು ಸಿಪ್ಪೆಯ ಸಮೇತ ವಾಜಿದನ ಬಾಯಲ್ಲಿತ್ತು.

"ಪ್ರಸಾದ ಕಣಪ್ಪ, ಪ್ರಸಾದ. ಮೊದ್ಲು ತಿನ್ನು."

ಗುಡಿಯ ಮೆಟ್ಟಿಲ ತುದಿಗೆ ಬಂದಾಗ ಮುನಿಕೆಂಪಮ್ಮ ನಿಂತರು. ನಗು ಹೋಯಿತು. ತಲೆ ಬಗ್ಗಿಸುವ ಹಾಗಿಲ್ಲ, ಮೆಟ್ಟಿಲು ಕಾಣುವುದಿಲ್ಲ. ತಮಟೆಯವರೂ ಏಕೋ ಕೈ ನಿಲ್ಲಿಸಿದರು. ನಾನು ಕೆಳಗೆ, ಗುಡಿಯ ಬಾಗಿಲಿನ ಪಕ್ಕ ನಿಂತಿದ್ದೆ. ಅವರು ನನ್ನನ್ನು ನೋಡಿದರು. ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಎಂಬುದು ನಮ್ಮ ಪಾಠದ ಮೊದಲ ಸಾಲು. ಎಡಗಾಲು ಮೊದಲು, ಎಡಗಾಲು. ಅದು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ನಾನು ಕಣ್ಣೆತ್ತಿ ದೀಪವನ್ನು ನೋಡಿದೆ. ಅವರೂ ನನ್ನ ಕಣ್ಣಿನಲ್ಲಿ ಅದನ್ನೇ ನೋಡಿದರೇನೋ. ಕತ್ತು ನೆಟ್ಟಗಾಯಿತು.

ಮುಂದಿಟ್ಟದ್ದು ಬಲಗಾಲು.

ಅಂದರೆ ಇಡೀ ಭಾರ, ಹೂವಿನ ಗೋಪುರ, ಹಸಿರು ಸೀರೆ, ಇಷ್ಟು ವರ್ಷಗಳ ಹೆಮ್ಮೆ, ಎಲ್ಲವೂ ಮೇಲೆ ಉಳಿದ ಎಡಗಾಲಿನ ಮೇಲೆ. ಆ ಕಾಲು ಎಲ್ಲವನ್ನೂ ಹಿಡಿದುಕೊಂಡಿತು. ಹಿಡಿದುಕೊಂಡೇ ನಿಧಾನವಾಗಿ ಬಿಟ್ಟಿತು. ಸೀರೆಯ ನೆರಿಗೆಯೊಳಗೆ ಮಂಡಿ ಮುಂದಕ್ಕೆ ಬಾಗಿದ್ದು ಕಂಡಿತು. ಕೊಡ ಸದ್ದಿಲ್ಲದೆ ನೀರು ಮುಟ್ಟಿದ ಹಾಗೆ ಬಲಪಾದ ಕೆಳಗಿನ ಮೆಟ್ಟಿಲು ಮುಟ್ಟಿತು. ದೀಪದ ಕುಡಿ ಒಮ್ಮೆ ಬಾಗಿ ನೆಟ್ಟಗಾಯಿತು. ಮತ್ತೆ ಒಂದು ಮೆಟ್ಟಿಲು. ಮತ್ತೆ ಒಂದು. ಕೆಳಗೆ ಬಂದು ನಿಂತಾಗ ತಮಟೆ ಒಮ್ಮೆಲೇ ಸಿಡಿಯಿತು. ಮೆರವಣಿಗೆಯ ಹಿಂದೆಯೇ ಬಂದಿದ್ದ ಎದುರು ಮನೆಯವರು ಬಾಯಿಂದ ಸೆರಗು ಕಿತ್ತು ಬಿಡದೆ ಕೂಗತೊಡಗಿದರು, ಬೆಳಿಗ್ಗೆಯಿಂದ ಕೂಡಿಟ್ಟದ್ದನ್ನೆಲ್ಲ.

ಆರತಿಯನ್ನು ಇಳಿಸಿಕೊಂಡದ್ದು ಕಲಾವತಿ. ಅವರ ಕಣ್ಣು ತುಂಬಿತ್ತು, ಸಂತೋಷಕ್ಕೋ ಮತ್ತೊಂದಕ್ಕೋ ನನಗೆ ತಿಳಿಯಲಿಲ್ಲ. ಮುನಿಕೆಂಪಮ್ಮ ಅವರ ಗಲ್ಲ ಚಿವುಟಿದರು.

"ನಾಳೆಯಿಂದ ಬಾ, ಕತ್ ನೆಟ್ಟಗ್ ಇಡೋದ್ ಕಲಿಸ್ತೀನಿ. ನಾನೇನ್ ಸಾವ್ರ ವರ್ಸ ಇರ್ತೀನಾ?"

"ಇರ್ತೀಯ ಬಿಡಕ್ಕ," ಎಂದರು ಕಲಾವತಿ, "ನಿನ್ನ ನಾನ್ ಕಂಡಿಲ್ವಾ."

ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ ಮುನಿಕೆಂಪಮ್ಮ ಕೇಳಿದರು. "ಡಾಕ್ಟ್ರಮ್ಮ, ಯಾವ್ ಕಾಲ್ ಮೊದ್ಲು ಇಟ್ಟೆ ನಾನು?"

"ನೋಡ್ಲಿಲ್ಲಮ್ಮ."

"ಸುಳ್ಳು."

"ದೀಪ ನೋಡ್ತಿದ್ದೆ."

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ, ತಂಬಿಟ್ಟಿನ ಒಂದು ತುಂಡು ಮುರಿದು ನನ್ನ ಬಾಯಿಗಿಟ್ಟರು. ಮಾತಾಡುವ ಅಗತ್ಯ ತಪ್ಪಿತು.

ವಾಪಸು ಹೊರಟಾಗ ಅವರ ತಲೆ ಖಾಲಿಯಾಗಿತ್ತು. ಮೆಟ್ಟಿಲು ಹತ್ತಿ ಬೀದಿಗೆ ಬಂದು ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಣ್ಣು ಮೆಲ್ಲಗೆ ಪಾದದ ಕಡೆ ಇಳಿಯಿತು; ಕಾಲು ಮತ್ತೆ ಕುಟ್ಟತೊಡಗಿತು. ನಾವೆಲ್ಲ ನೋಡಿದೆವು. ಯಾರೂ ಏನೂ ಅನ್ನಲಿಲ್ಲ. ಮುನಿಯಲ್ಲಪ್ಪನವರು ಹೆಂಡತಿಯ ಹೆಗಲ ಮೇಲಿದ್ದ ಸಿಂಬೆಯನ್ನು ತೆಗೆದು, ಅವರ ನೆತ್ತಿಯ ಮೇಲೆ ಸರಿಯಾಗಿ ಕೂರಿಸಿದರು. ಅದರ ಮೇಲೆ ತಮ್ಮ ಕೈಯಲ್ಲಿದ್ದ ಕುಂಕುಮದ ಬಟ್ಟಲಿಟ್ಟರು.

"ಇದ್ಯಾಕೆ?"

"ಕೈ ನೋಯ್ತದೆ ನಂಗೆ. ಒತ್ಕ."

ಮುನಿಕೆಂಪಮ್ಮ ಕತ್ತು ನೆಟ್ಟಗೆ ಮಾಡಿಕೊಂಡು, ಟ್ಯಾಂಕರಿನ ಪಕ್ಕದಲ್ಲಿ, ಇನ್ನೂ ಬಾಳೆಹಣ್ಣು ಅಗಿಯುತ್ತಿದ್ದ ವಾಜಿದನ ಮುಂದೆ, ತೋಳು ಬೀಸಿಕೊಂಡು ಮನೆಯ ಕಡೆ ನಡೆದರು.